ಓದುಗರ ಪ್ರಶ್ನೆ: ವೆಸ್ ಮಾಂಟ್ಗೊಮರಿಯ ಹೆಬ್ಬೆರಳು

ಪ್ರಶ್ನೆ: ಪಿಕ್ ಬಿಟ್ಟು ಹೆಬ್ಬೆರಳಿನಿಂದಲೇ ನುಡಿಸುತ್ತಿದ್ದ ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಗೆ ನೊಟೇಶನ್ (ಸ್ವರಲಿಪಿ) ಓದಲು ಬರುತ್ತಿರಲಿಲ್ಲವಂತೆ. ಹಾಗಾದರೆ ಜಾಝ್ ಗಿಟಾರಿಗೆ ಅದನ್ನು ಕಲಿಯುವ ಅಗತ್ಯವಿಲ್ಲವೇ?
– ಓದುಗರು, ಬಸವನಗುಡಿ

ಉತ್ತರ: ಬರುತ್ತಿರಲಿಲ್ಲ, ನಿಜ. ಆದರೆ ಕಿವಿಪಾಠ ಎಷ್ಟು ಗಟ್ಟಿಯಾಗಿತ್ತು ನೋಡಿ. 1923ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ವೆಸ್, ಇಪ್ಪತ್ತರ ಆಸುಪಾಸಿನಲ್ಲಿ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡ್ ಕೇಳಿ, ಅದರ ಸೋಲೋಗಳನ್ನು ಒಂದು ಸ್ವರ ಬಿಡದೆ ಒಪ್ಪಿಸುವಷ್ಟು ಕಲಿತರು. 1948ರಿಂದ 1950ರವರೆಗೆ ವೈಬ್ರಾಫೋನ್ ವಾದಕ ಲಯೊನೆಲ್ ಹ್ಯಾಂಪ್ಟನ್ ತಂಡದಲ್ಲಿದ್ದರು. ಊರಿಗೆ ಮರಳಿದ ಮೇಲೆ ಹಗಲು ಕಾರ್ಖಾನೆ, ರಾತ್ರಿ ಕ್ಲಬ್. 1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಶಿಫಾರಸು ಮಾಡಿದ್ದರಿಂದ ರಿವರ್‌ಸೈಡ್ ಕಂಪನಿ ರೆಕಾರ್ಡ್ ಮಾಡಿಸಿತು. 1968ರಲ್ಲಿ, 45ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡರು. ಕೊನೆಯ ವರ್ಷಗಳ ಪಾಪ್ ಹಾಡುಗಳ ರೆಕಾರ್ಡ್‌ಗಳೇ ಹೆಚ್ಚು ಮಾರಾಟವಾದವು, ಕಲಿಯುವವರು ಮಾತ್ರ 1960ರ ಸುತ್ತಿನವನ್ನು ಕೇಳಬೇಕು. ಇನ್ನು ನೀವು: ಸ್ಟುಡಿಯೊ ಕೆಲಸದ ಆಸೆ ಇದ್ದರೆ ಕಾರ್ಡ್ ಚಾರ್ಟನ್ನಾದರೂ (ಹಾಡಿನ ಸ್ವರಮೇಳಗಳ ಪಟ್ಟಿ) ಓದಲು ಕಲಿಯಿರಿ.

ಪ್ರಶ್ನೆ: ವೆಸ್ ಹಾಗೆ ಹೆಬ್ಬೆರಳಿನಿಂದ ಆಕ್ಟೇವ್ (ಒಂದೇ ಸ್ವರ ಕೆಳಗಿನ, ಮೇಲಿನ ಸ್ಥಾಯಿಗಳಲ್ಲಿ ಒಟ್ಟಿಗೆ) ನುಡಿಸಹೋದರೆ ನಡುವಿನ ತಂತಿಯೂ ಝಣಗುಡುತ್ತದೆ. ಹೆಬ್ಬೆರಳಿನ ತಪ್ಪೇ?
– ಓದುಗರು, ರಾಜಾಜಿನಗರ

ಉತ್ತರ: ಅಲ್ಲ, ಎಡಗೈಯದು. ಹೆಬ್ಬೆರಳು ಮೂರೂ ತಂತಿಗಳನ್ನು ಒಟ್ಟಿಗೇ ಸವರುತ್ತದೆ; ನಡುವಿನದನ್ನು ಮೂಕವಾಗಿಸಬೇಕಾದ್ದು ತೋರುಬೆರಳು. 6ನೇ (ಅತಿ ದಪ್ಪ) ತಂತಿಯ 3ನೇ ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ತೋರುಬೆರಳು, 4ನೇ ತಂತಿಯ 5ರಲ್ಲಿ ಉಂಗುರಬೆರಳು ಇಡಿ. ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿದರೆ 5ನೇ ತಂತಿ ಬಿಡುಗಡೆಯಾಗಿ ನುಡಿದುಬಿಡುತ್ತದೆ. ಸ್ವಲ್ಪ ಒರಗಿಸಿ, ಬೆರಳಿನ ಮಾಂಸ ಅದಕ್ಕೆ ತಾಗಲಿ. ತಾಗಿದರೆ ಸಾಕು, ಒತ್ತಬೇಡಿ: ಒತ್ತಿದರೆ ಅಲ್ಲಿ ಇನ್ನೊಂದು ಸ್ವರ ಹುಟ್ಟುತ್ತದೆ. ತಂತಿಜೋಡಿ 6–4, 5–3 ಆದಾಗ ಮೇಲಿನ ಸ್ವರ ಎರಡು ಫ್ರೆಟ್ ಮುಂದೆ. 4–2, 3–1ರಲ್ಲಿ ಮೂರು ಫ್ರೆಟ್, ಅಲ್ಲಿ ಕಿರುಬೆರಳು ಹಗುರ. 3 ಮತ್ತು 2ನೇ ತಂತಿಗಳ ನಡುವಿನ ಅಂತರ ಉಳಿದವುಗಳಿಗಿಂತ ಅರ್ಧ ಸ್ವರ ಕಡಿಮೆಯಾದ್ದರಿಂದ ಈ ವ್ಯತ್ಯಾಸ. ಜೋಡಿ ಬದಲಿಸುವಾಗಲೇ ಹೆಚ್ಚಿನವರು ಎಡವುತ್ತಾರೆ.

ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತಕ್ಕಿಟ್ಟು, ಬಡಿತಕ್ಕೊಂದು ಸ್ವರದಂತೆ ಶಂಕರಾಭರಣದ ಆರೋಹಣ ಅವರೋಹಣ ನುಡಿಸಿ. ಕೈಯ ಆಕಾರ ಕೆಡಿಸದೆ ಜಾರಿಸುವುದು ಬಂದ ಮೇಲೆ ವೇಗ.

ಪ್ರಶ್ನೆ: ವೆಸ್‌ರ ಆ ಮೆತ್ತನೆಯ ನಾದಕ್ಕೆ ಅವರು ನುಡಿಸುತ್ತಿದ್ದ ಗಿಬ್ಸನ್ ಎಲ್-5 ಗಿಟಾರೇ ಬೇಕೇ?
– ಓದುಗರು, ಮಲ್ಲೇಶ್ವರ

ಉತ್ತರ: ಬೇಡ. ಉಗುರು ತಾಗದಂತೆ ಹೆಬ್ಬೆರಳಿನ ಮಾಂಸದಿಂದ ನುಡಿಸಿ, ಕುತ್ತಿಗೆ ಬದಿಯ ಪಿಕಪ್ (ತಂತಿಯ ನಾದ ಹಿಡಿಯುವ ಭಾಗ) ಆರಿಸಿ, ಟೋನ್ ಅರ್ಧಕ್ಕಿಳಿಸಿ. 12ರ (ಅತಿ ತೆಳು ತಂತಿ 0.012 ಇಂಚು) ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ) ತಂತಿಗಳ ಸೆಟ್ ಹಾಕಿಸಿದರೆ ಇನ್ನೂ ಹತ್ತಿರ. 9 ಅಥವಾ 10ರ ತೆಳು ಸೆಟ್ ತೆಗೆದು ಇದನ್ನು ಹಾಕುವುದಾದರೆ ಎರಡು ತೊಂದರೆ: ಹೆಚ್ಚಿದ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ಬಾಗಿ ತಂತಿಗಳು ಏಳುತ್ತವೆ, ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ಬಿಗಿಸಬೇಕಾಗುತ್ತದೆ; ಇನ್ನೊಂದು, ಸುತ್ತುತಂತಿಯಾಗಿ ದಪ್ಪವಾದ 3ನೆಯದು ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಹಿಡಿಯುವ ಪಟ್ಟಿ) ಹಳೆಯ ಸೀಳಿನಲ್ಲಿ ಸಿಕ್ಕಿಕೊಂಡು, ಶ್ರುತಿ ಮಾಡುವಾಗ 'ಟಕ್' ಎಂದು ಹಾರುತ್ತದೆ. ಸೀಳು ಅಗಲಿಸುವ ಕೆಲಸ ರಿಪೇರಿಯವರಿಗೇ ಬಿಡಿ. ಕೂದಲೆಳೆಯಷ್ಟು ಆಳವಾದರೂ ಖಾಲಿ ತಂತಿ ಮೊದಲ ಫ್ರೆಟ್‌ಗೆ ಬಡಿದು ಗುಂಯ್‌ಗುಡುತ್ತದೆ, ಆಮೇಲೆ ನಟ್ಟನ್ನೇ ಬದಲಿಸಬೇಕು.