ಶಿರಸಿಯಲ್ಲಿದ್ದುಕೊಂಡೇ ಬೆಂಗಳೂರಿನ ವಿಚಾರಣೆಗೆ ಹಾಜರಾಗಬಹುದೇ?

ಪ್ರಶ್ನೆ: ನನ್ನ ಪತಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದಾರೆ. ನಾನು ಮೂರು ವರ್ಷದ ಮಗಳೊಂದಿಗೆ ತವರಲ್ಲಿದ್ದೇನೆ. ಪ್ರತಿ ತಾರೀಖಿಗೂ ರಾತ್ರಿ ಬಸ್ಸು ಹತ್ತುವುದು ಕಷ್ಟ. ಮೊಬೈಲಿನಲ್ಲೇ ಹಾಜರಾಗಬಹುದೇ? ಮನೆಯಲ್ಲಿ ಜಗಲಿಯ ತುದಿಯಲ್ಲಷ್ಟೇ ನೆಟ್‌ವರ್ಕ್ ಸಿಗುತ್ತದೆ.
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಹಾಜರಾಗಬಹುದು. ಆದರೆ ಅದು ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆ. ಸಂಧಾನ ಮುರಿದುಬಿದ್ದ ಮೇಲೆ ಇಬ್ಬರೂ ಒಪ್ಪಿ ಕೇಳಿದರೆ ವಿಡಿಯೊ ವಿಚಾರಣೆಗೆ ಅವಕಾಶ ಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರ ಶಾಂತಿನಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಸಂಧಾನಕ್ಕೆ ಖುದ್ದಾಗಿ ಬನ್ನಿ ಎಂದರೆ ಹೋಗಿ. ಉಳಿದ ತಾರೀಖುಗಳಿಗೆ, ಮಗು ಚಿಕ್ಕದು, ದೂರ ಸುಮಾರು 400 ಕಿ.ಮೀ. ಎಂದು ಕಾರಣ ಕೊಟ್ಟು ವಕೀಲರಿಂದ ಮುಂಚೆಯೇ ಅರ್ಜಿ ಹಾಕಿಸಿ. ನಿಮ್ಮ ಪತಿ ಒಪ್ಪದಿದ್ದರೆ ಪ್ರಕರಣವನ್ನೇ ನಿಮ್ಮ ಕಡೆ ವರ್ಗಾಯಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 24ನೇ ಕಲಮಿನಡಿ ಹೈಕೋರ್ಟಿಗೆ ಹೋಗಬಹುದು.

ಜಗಲಿ ಮಾತ್ರ ಬೇಡ. ಹೋಗಿಬರುವವರು ಇಣುಕುತ್ತಾರೆ, ಪಕ್ಕದಿಂದ ಯಾರೋ ಹೇಳಿಕೊಡುತ್ತಿದ್ದಾರೆಂದು ಎದುರು ವಕೀಲರು ಆಕ್ಷೇಪ ಎತ್ತುತ್ತಾರೆ. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 11ನೇ ಕಲಮಿನಂತೆ ವಿಚಾರಣೆ ಗೋಪ್ಯವಾಗಿ ನಡೆಯಲೆಂದು ನೀವೂ ಕೇಳಬಹುದು. ಕೇಳಿದ ಮೇಲೆ ಮನೆಮಂದಿ ಸುತ್ತ ಕೂತರೆ ಏನು ಬಂತು? ಪೇಟೆಯಲ್ಲಿ ವಕೀಲರ ಕಚೇರಿಯ ಒಳಕೋಣೆ ಸಿಕ್ಕರೆ ಒಳ್ಳೆಯದು. ಪಾಟೀಸವಾಲಿನ ದಿನಕ್ಕಾದರೂ ಹತ್ತಿರದ ನ್ಯಾಯಾಲಯದ ವಿಡಿಯೊ ಕೊಠಡಿಯಿಂದ ಹಾಜರಾಗಲು ಅರ್ಜಿಯಲ್ಲೇ ಕೇಳಿ.

ಮಳೆಗಾಲದಲ್ಲಿ ಕೈಕೊಡುವುದು ಕರೆಂಟು. ಫೈಬರ್ ಇದ್ದರೂ ರೂಟರ್ ಆರಿದರೆ ಸಂಪರ್ಕ ಹೋಯಿತು; ರೂಟರಿಗೆ ಚಿಕ್ಕ ಯುಪಿಎಸ್, ಇನ್ನೊಂದು ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಹಂಚಿನ ಮೇಲೆ ಮಳೆ ಸುರಿಯುವಾಗ ಫೋನಿನ ಮೈಕ್ ಅದನ್ನೇ ಹಿಡಿಯುತ್ತದೆ, ವೈರಿನ ಇಯರ್‌ಫೋನ್ ಹಾಕಿ ಮೈಕನ್ನು ಬಾಯಿಯ ಹತ್ತಿರ ಹಿಡಿಯಿರಿ. ನಡುವೆ ಕರೆ ಬಂದರೆ ಧ್ವನಿ ನಿಲ್ಲಬಹುದು. ಕರೆಯ ರಿಂಗು ಅಡ್ಡಬಾರದಂತೆ ‘ಡು ನಾಟ್ ಡಿಸ್ಟರ್ಬ್’ ಹಾಕಿಡಿ. ಲಿಂಕಿಗೆ ಸೇರುವಾಗ ಪರದೆಯಲ್ಲಿ ಅಡ್ಡಹೆಸರಲ್ಲ, ಪ್ರಕರಣದ ಸಂಖ್ಯೆ ಮತ್ತು ನಿಮ್ಮ ಹೆಸರು ಕಾಣಬೇಕು. ಸಂಪರ್ಕ ಕಡಿದರೆ ಮತ್ತೆ ಸೇರಿ, ಅಷ್ಟರಲ್ಲಿ ನ್ಯಾಯಾಧೀಶರಿಗೆ ತಿಳಿಸಲು ವಕೀಲರಿಗೆ ಕರೆಮಾಡಲು ಮನೆಯವರಿಗೆ ಹೇಳಿಟ್ಟಿರಿ. ರೆಕಾರ್ಡ್ ಮಾಡಿಕೊಳ್ಳುವುದು ಹೈಕೋರ್ಟಿನ ನಿಯಮಗಳ ಪ್ರಕಾರ ನಿಷಿದ್ಧ.

ವಕೀಲರ ಶುಲ್ಕ ಭಾರವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ ಅಥವಾ 15100ಕ್ಕೆ ಕರೆಮಾಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ನೆರವು ಉಚಿತ.