ಆರು ತಿಂಗಳ ಲೆಕ್ಕ

ಪ್ರಶ್ನೆ: ಅಮೆರಿಕದ ಥ್ಯಾಡಿಯಸ್ ಸ್ಟೀವನ್ಸ್ ಗುಲಾಮಗಿರಿಯ ಕಡುವೈರಿ ಅಂತ ಓದಿದ್ದೆ. ಆದರೆ ವಕೀಲನಾಗಿದ್ದಾಗ ಮಾಲೀಕನೊಬ್ಬನ ಪರ ವಾದಿಸಿ ಗೆದ್ದಿದ್ದನಂತೆ. ಹೌದಾ?

ಉತ್ತರ: ಹೌದು, 1821ರಲ್ಲಿ. ಆಗಿನ್ನೂ ಆತನಿಗೆ ಮೂವತ್ತು ತುಂಬಿರಲಿಲ್ಲ. ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಶುರುಮಾಡಿ ಐದೇ ವರ್ಷ.

ಕೇಸು ಚಾರಿಟಿ ಬಟ್ಲರ್ ಎಂಬ ಹೆಂಗಸಿನದು. ಹೊರಗಿನಿಂದ ಕರೆತಂದ ಗುಲಾಮರನ್ನು ಆರು ತಿಂಗಳು ಇಟ್ಟುಕೊಂಡರೆ ಅವರು ಸ್ವತಂತ್ರರು ಅನ್ನುವುದು ಆಗ ಪೆನ್ಸಿಲ್ವೇನಿಯಾದ ಕಾನೂನು. ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮಳಾಗಿದ್ದ ಚಾರಿಟಿ, ತಾನು ಕೆಲಸಕ್ಕಿದ್ದ ಮನೆಯವರ ಜೊತೆ ಗಡಿ ದಾಟಿ ಬರುತ್ತಿದ್ದಳು, ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. ಎಲ್ಲ ದಿನ ಕೂಡಿಸಿದರೆ ಆರು ತಿಂಗಳಾಗುತ್ತದೆ ಅಂತ ಆಕೆಯ ಕಡೆಯವರ ವಾದ. ಸ್ಟೀವನ್ಸ್ ಎದ್ದು ನಿಂತು, ಹಾಗೆಲ್ಲ ಕೂಡಿಸುವಂತಿಲ್ಲ, ಒಂದೇ ಸಲಕ್ಕೆ ಆರು ತಿಂಗಳು ಇದ್ದಿರಬೇಕು ಅಂದ. ಕೋರ್ಟು ಒಪ್ಪಿತು. ಚಾರಿಟಿ, ಆಕೆಯ ಮಕ್ಕಳು ಮಾಲೀಕನ ಪಾಲಾದರು. ವಕೀಲಿ ಜಾಣತನ ಅಂದರೆ ಇದೇ, ಓದಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಈ ಒಂದು ಕೇಸೇ ಆತನನ್ನು ಬದಲಿಸಿತು ಅಂತ ಬರೆಯುವವರಿದ್ದಾರೆ. ಮನುಷ್ಯರು ಅಷ್ಟು ಸಲೀಸಾಗಿ ತಿರುಗುತ್ತಾರಾ, ನನಗಂತೂ ಅನುಮಾನ. ಆಮೇಲೆ ಓಡಿಬಂದ ಗುಲಾಮರ ಪರ ಫೀಸಿಲ್ಲದೆ ವಾದಿಸಿದ್ದು ಮಾತ್ರ ನಿಜ.

1833ರಲ್ಲಿ ರಾಜ್ಯದ ಶಾಸನಸಭೆಗೆ ಆರಿಸಿ ಬಂದ. ಮರುವರ್ಷ ಎಲ್ಲ ಮಕ್ಕಳಿಗೂ ಉಚಿತ ಶಾಲೆಯ ಕಾನೂನಾಯಿತು. ಆದರೆ ಶಾಲೆಗೆ ತೆರಿಗೆ ಕಟ್ಟಬೇಕಲ್ಲ, ಜನ ಸಿಟ್ಟಾದರು. 1835ರಲ್ಲಿ ಅದನ್ನು ರದ್ದು ಮಾಡಲು ಶಾಸನಸಭೆಯ ಮೇಲ್ಮನೆ ಸೆನೆಟ್ ಆಗಲೇ ಒಪ್ಪಿಬಿಟ್ಟಿತ್ತು. ಇನ್ನೊಂದು ಸದನದಲ್ಲಿ ಸ್ಟೀವನ್ಸ್ ಮಾತಾಡಿದ. ವರ್ಮಾಂಟಿನ ಬಡ ಮನೆಯಲ್ಲಿ, ಹುಟ್ಟಿನಿಂದಲೇ ಸೊಟ್ಟಗಿದ್ದ ಪಾದ ಎಳೆದುಕೊಂಡು ಬೆಳೆದು, ಓದಿನಿಂದಲೇ ಮೇಲೆ ಬಂದವನು, ಸುಮ್ನೆ ಕೂರುತ್ತಾನಾ? ಶಾಲೆಗಳು ಉಳಿದವು.

ಹಾಗಂತ ದೇವರಂಥವನೇನಲ್ಲ, ರಾಜಕೀಯದಲ್ಲಿ ಭಾರಿ ಪಟ್ಟುಗಾರ. 1838ರ ಡಿಸೆಂಬರ್‌ನಲ್ಲಿ ಚುನಾವಣೆಯ ಜಗಳಕ್ಕೆ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್‌ನ ಸೆನೆಟ್‌ಗೆ ಜನ ನುಗ್ಗಿದಾಗ ಕಿಟಕಿಯಿಂದ ಹಾರಿ ಪಾರಾದ. ಅದೇ ವರ್ಷ ರಾಜ್ಯದ ಹೊಸ ಸಂವಿಧಾನಕ್ಕೆ ಸಹಿ ಹಾಕಲಿಲ್ಲ. ಕಾರಣ, ಅದರಲ್ಲಿ ಬಿಳಿಯರಿಗೆ ಮಾತ್ರ ಮತ.

ಮುಂದೆ ವಾಷಿಂಗ್ಟನ್‌ಗೆ ಹೋಗಿ, ದೇಶದ ಸಂಸತ್ತಿನಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿ ದೊಡ್ಡ ಹೆಸರು ಮಾಡಿದ. 1868ರಲ್ಲಿ ತೀರಿಕೊಂಡ. ಸಮಾಧಿ ಲ್ಯಾಂಕಾಸ್ಟರ್‌ನ ಒಂದು ಚಿಕ್ಕ ಸ್ಮಶಾನದಲ್ಲಿದೆ. ಬೇರೆ ಸ್ಮಶಾನಗಳಲ್ಲಿ ಬಣ್ಣ ನೋಡಿ ಜಾಗ ಕೊಡುತ್ತಿದ್ದರು ಅಂತ, ಆತ ಇದನ್ನೇ ಆರಿಸಿಕೊಂಡಿದ್ದ. ಕಲ್ಲಿನ ಮೇಲೂ ಅದನ್ನೇ ಕೆತ್ತಿಸಿದ್ದಾರೆ.