ಕಟ್ಟದ ಖರ್ಚನ್ನು ಪಂಚಾಯತ್ ಲೆಕ್ಕಕ್ಕೆ ತರುವುದು ಹೇಗೆ

ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ಗ್ರಾಮಸಭೆಯಲ್ಲಿ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಹಾಕಲು ಹಣ ಕೇಳಿದ್ದಕ್ಕೆ "ಮೊದಲು ರಸ್ತೆ ಆಗಲಿ, ಪರಿಸರ ಆಮೇಲೆ ನೋಡುವ" ಅಂದರಂತೆ. ಪರಿಸರಕ್ಕೆ ಹಣ ಇಟ್ಟರೆ ಅಭಿವೃದ್ಧಿ ಹಿಂದೆ ಬೀಳುವುದು ನಿಜವಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ. ಈ ಪ್ರಶ್ನೆಗೆ ಉತ್ತರ ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇದೆ.

ಎಣ್ಮಕಜೆ, ಮುಳಿಯಾರು ಕಡೆಯ ಸರಕಾರಿ ಗೇರು ತೋಟಗಳಿಗೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದರು. ಆ ವರ್ಷಗಳ ಗೇರುಬೀಜ ಎಲ್ಲ ಆದಾಯದ ಲೆಕ್ಕಕ್ಕೆ ಬಂತು. ತೋಡಿನ ನೀರಿಗೆ, ಮಕ್ಕಳ ಮೈಗೆ ಆದದ್ದು ಯಾವ ಪುಸ್ತಕಕ್ಕೂ ಬರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂದಿತು. ಕೊಡುವುದು ತಡವಾಗಿ, 2022ರಲ್ಲಿ ಕೋರ್ಟ್ ಮತ್ತೆ ಗದರಿದ ಮೇಲೆ ಹಣ ವೇಗವಾಗಿ ಬಿಡುಗಡೆಯಾಯಿತು. ಅದರ ಮೇಲೆ ಪಿಂಚಣಿ, ಆಸ್ಪತ್ರೆ, ವಿಶೇಷ ಮಕ್ಕಳ ಬಡ್ಸ್ ಶಾಲೆ. ಅಂದರೆ ಅಂದು ಬರೆಯದ ಖರ್ಚು ಇಪ್ಪತ್ತು ವರ್ಷ ಕಳೆದು ಬಜೆಟಿಗೇ ಬಂದು ಕೂತಿತು. ಅಷ್ಟು ಕೊಟ್ಟರೂ ಹೋದ ಆರೋಗ್ಯ ಬರಲಿಲ್ಲ. ಅಭಿವೃದ್ಧಿ ಬೇರೆ, ಪರಿಸರ ಬೇರೆ ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ತೊಂದರೆ ಇರುವುದು ಲೆಕ್ಕ ಹಾಕುವ ರೀತಿಯಲ್ಲಿ. ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆ ತೆಗೆದರೆ ಜಿಡಿಪಿ ಏರುತ್ತದೆ. ಗುಡ್ಡೆ ಹೋಗಿ ಕೆಳಗಿನ ಸುರಂಗ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಬಾವಿ) ಬತ್ತಿದರೆ ಏನೂ ಇಳಿಯುವುದಿಲ್ಲ. ನೀರಿಲ್ಲ ಅಂತ ಬೋರ್ ಕೊರೆಸಿದರೆ ಮತ್ತೆ ಏರುತ್ತದೆ, ಟ್ಯಾಂಕರ್ ತರಿಸಿದರೆ ಇನ್ನೂ ಏರುತ್ತದೆ. ನೀರು ಕಳಕೊಂಡ ಊರು ಕಾಗದದಲ್ಲಿ ಶ್ರೀಮಂತ! ಇದು ಸರಿಯಲ್ಲ ಅಂತಲೇ 2013ರಲ್ಲಿ ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತ ಅವರ ಸಮಿತಿ ಕಾಡು, ನೀರು, ಮಣ್ಣನ್ನೂ ದೇಶದ ಆಸ್ತಿಯಾಗಿ ಲೆಕ್ಕಕ್ಕೆ ಹಿಡಿಯಬೇಕು ಅಂತ ಕೇಂದ್ರಕ್ಕೆ ವರದಿ ಕೊಟ್ಟಿತು. 2018ರಿಂದ ಕೇಂದ್ರದ ಅಂಕಿಅಂಶ ಇಲಾಖೆ ಅಂಥ ಲೆಕ್ಕದ ಪುಸ್ತಕಗಳನ್ನು ತರುತ್ತಿದೆ.

ಹಣ ಹಂಚುವುದರಲ್ಲೂ ಇದು ಬಂದಿದೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ 14ನೇ ಹಣಕಾಸು ಆಯೋಗ ಕಾಡಿಗೆ ನೂರಕ್ಕೆ 7.5 ತೂಕ ಕೊಟ್ಟಿತು, 15ನೆಯದು ಅದನ್ನು 10 ಮಾಡಿತು. ಕಾಡು ಉಳಿಸಿದ ರಾಜ್ಯಕ್ಕೆ ಅಷ್ಟು ಹಣ ಜಾಸ್ತಿ.  ಕೇರಳವೇ 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ರಾಯಲ್ಟಿ ಶುರು ಮಾಡಿತು. ಮೊತ್ತ ಸಣ್ಣದು. ಆದರೆ ಗದ್ದೆ ನೀರು ಇಂಗಿಸುತ್ತದೆ, ಅದಕ್ಕೆ ಬೆಲೆ ಇದೆ ಅಂತ ಸರಕಾರ ಒಪ್ಪಿತಲ್ಲ, ನನಗೆ ಅದು ದೊಡ್ಡದು.

ಈಗ ನಿಮ್ಮ ಕಟ್ಟಕ್ಕೆ ಬರುವ. ಪಂಚಾಯತಿನಲ್ಲಿ ಕಾಂಕ್ರೀಟ್ ರಸ್ತೆ ಮಾಡಿದರೆ ಅದು ಆಸ್ತಿ. ಕಲ್ಲು, ಮಣ್ಣು, ಅಡಿಕೆ ಮರದ ಕಟ್ಟ ಮಳೆಗಾಲಕ್ಕೆ ಬಿಚ್ಚಿಹೋಗುತ್ತದೆ, ಹಾಗಾಗಿ ಅದು ಬರೀ ಖರ್ಚಿನ ಹಾಗೆ ಕಾಣುತ್ತದೆ. ಅದು ನಿಲ್ಲಿಸಿದ ನೀರು ಯಾವ ಕಾಲಮ್ಮಿನಲ್ಲೂ ಇಲ್ಲ. ಆ ಕಾಲಮ್ಮನ್ನು ನಾವೇ ತುಂಬಿಸಿ ಕೊಡಬೇಕು.

ಏತಡ್ಕದ ಕಡೆ ಸಾಲಾಗಿ ಕಟ್ಟ ಹಾಕುವುದನ್ನು ನೋಡಿದ್ದೀರಲ್ವಾ? ಒಂದು ಕಟ್ಟದ ನೀರಿನ ಬಾಲ ಮೇಲಿನ ಕಟ್ಟದ ಬುಡಕ್ಕೆ ಮುಟ್ಟುವ ಹಾಗೆ ಇರುತ್ತದೆ. ದಡದ ಬಾವಿಗಳಲ್ಲಿ ನೀರು ಏರುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಅಂಕಿ ಮಾಡಿ. ಕಟ್ಟ ಹಾಕುವ ಮೊದಲು ತೋಡಿನ ಎರಡೂ ಬದಿಯ ಕೆಲವು ಬಾವಿಗಳ ದಂಡೆಯಿಂದ ನೀರಿನವರೆಗೆ ಹಗ್ಗ ಇಳಿಸಿ ಅಳೆಯಿರಿ. ಹಗ್ಗದ ತುದಿಗೆ ಕಲ್ಲು ಕಟ್ಟಿ, ಬೆಳಿಗ್ಗೆ ಪಂಪ್ ಹಾಕುವ ಮೊದಲೇ ಅಳೆಯಿರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಕಟ್ಟ ತುಂಬಿದ ಮೇಲೆ ವಾರಕ್ಕೊಮ್ಮೆ, ಏಪ್ರಿಲ್ ಕೊನೆವರೆಗೆ. ಕಟ್ಟ ಇಲ್ಲದ ಪಕ್ಕದ ತೋಡಿನ ಒಂದೆರಡು ಬಾವಿಯನ್ನೂ ಸೇರಿಸಿ. ಹೋಲಿಸಲು ಅದು ಬೇಕೇ ಬೇಕು.

ಜೊತೆಗೆ ಪಂಚಾಯತಿನಿಂದ ನಿಮ್ಮ ವಾರ್ಡಿನ ಟ್ಯಾಂಕರ್ ನೀರಿನ ಖರ್ಚು ಕೇಳಿ ತೆಗೆದುಕೊಳ್ಳಿ. ಬಾಯಿಮಾತಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಂಪ್ ಓಡುವ ಗಂಟೆಗಳನ್ನೂ ಬರೆದಿಡಿ. ಕೃಷಿ ಕರೆಂಟಿಗೆ ಖಜಾನೆಯಿಂದಲೇ ನೆರವು ಹೋಗುತ್ತದೆ, ನೀರು ಆಳಕ್ಕೆ ಇಳಿದಷ್ಟೂ ಆ ಬಿಲ್ಲು ಏರುತ್ತದೆ. ಒಂದೇ ಹಾಳೆಯಲ್ಲಿ ಕಟ್ಟದ ಖರ್ಚು ಒಂದು ಬದಿ, ಟ್ಯಾಂಕರ್ ಮತ್ತು ಕರೆಂಟ್ ಇನ್ನೊಂದು ಬದಿ ಬರಲಿ. ಆಗ ನೀವು ಕೇಳುವುದು ಸಹಾಯ ಅಲ್ಲ, ಪಂಚಾಯತಿಗೆ ಉಳಿತಾಯದ ದಾರಿ.

ಹೊತ್ತು ನೋಡಿ ಕೇಳಬೇಕು. ನವೆಂಬರಿನಲ್ಲಿ ಹೋಗಿ ಡಿಸೆಂಬರಿಗೆ ಹಣ ಕೇಳಿದರೆ ಸಿಗುವುದಿಲ್ಲ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಯೋಜನೆ ಆಗಲೇ ಮುಗಿದಿರುತ್ತದೆ. ಮುಂದಿನ ವರ್ಷದ ಯೋಜನೆ ಮಾಡುವ ಗ್ರಾಮಸಭೆಗೇ ಹೋಗಿ. ಮೂರು ತಿಂಗಳಿಗೊಮ್ಮೆ ಸಭೆ ಕರೆಯಬೇಕು ಅಂತ ಕಾನೂನೇ ಇದೆ. ಒಬ್ಬರೇ ಹೋಗಬೇಡಿ, ತೋಡಿನ ಎರಡೂ ದಡದವರು ಸಹಿ ಹಾಕಿದ ಅರ್ಜಿ ಇರಲಿ. ನಿರ್ಣಯ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ. ಆಮೇಲೆ ಕೃಷಿಯ ವರ್ಕಿಂಗ್ ಗ್ರೂಪಿನಲ್ಲಿ, ಅಂದರೆ ಪಂಚಾಯತಿನ ಯೋಜನೆಯ ಕರಡು ಮಾಡುವ ಗುಂಪಿನಲ್ಲಿ, ನಿಮ್ಮವರು ಒಬ್ಬರು ಇರಲೇಬೇಕು. ಗ್ರಾಮಸಭೆಯಲ್ಲಿ ಪಾಸಾದದ್ದು ಬಿದ್ದುಹೋಗುವುದು ಜಾಸ್ತಿ ಅಲ್ಲಿಯೇ.

ರಸ್ತೆ ಬೇಡ ಅಂತ ಮಾತ್ರ ವಾದಿಸಬೇಡಿ. ರಸ್ತೆ ಬೇಕಾದವರೂ ನಮ್ಮವರೇ, ಅವರ ಬಾವಿಯೂ ಅದೇ ತೋಡಿನ ಪಕ್ಕ ಇದೆ. ಅವರ ಬಾವಿಯನ್ನೇ ಮೊದಲು ಅಳೆಯಿರಿ. ಅರ್ಜಿಯ ಕರಡು ಕನ್ನಡದಲ್ಲಿ ನನ್ನ ಹತ್ತಿರ ಇದೆ, ಬೇಕಾದವರು ಇಲ್ಲೇ ಹೇಳಿ, ಹಾಕುತ್ತೇನೆ.